ಪಾಕ ತಪ್ಪಿದ ಲೇಹ್ಯ

ನಾನು ಮಡಿವಾಳಪ್ಪ. ಊರು ಹಾನಗಲ್ಲಿನ ಕಡೆ. ಸಿದ್ದಾಪುರ ತಾಲೂಕಿನ ಈ ಹಳ್ಳಿಗೆ ಬಂದು ಹಿಟ್ಟಿನ ಗಿರಣಿ ಹಾಕಿ ಅರ್ಧ ಆಯುಷ್ಯ ಕಳೆಯಿತು. ಇಲ್ಲಿಯ ಮಳೆ ಒಗ್ಗಿತು, ಚಳಿ ಒಗ್ಗಿತು, ರೊಟ್ಟಿ ಬಿಟ್ಟು ಕುಚ್ಚಿಗೆ ಅಕ್ಕಿ ಅನ್ನ ಉಣ್ಣುವುದೂ ಒಗ್ಗಿತು. ಒಂದು ಮಾತ್ರ ಒಗ್ಗಲಿಲ್ಲ. ಈ ಜನ ಯಾವುದನ್ನೂ ಮುಖಕ್ಕೆ ಕೆಟ್ಟದ್ದು ಅನ್ನುವುದಿಲ್ಲ. ಹಿಟ್ಟು ತರಿ ಬಿದ್ದಿದ್ದರೂ ಅಡ್ಡಿಲ್ಲ. ಮದುವೆ ಮನೆಯ ಸಾರಿಗೆ ಉಪ್ಪೇ ಬೀಳದಿದ್ದರೂ ಅಡ್ಡಿಲ್ಲ, ಚೊಲೋ ಆಗಿತ್ತು. ಒಬ್ಬರು ಕೈಯಾರೆ ಮಾಡಿ ಕೊಟ್ಟದ್ದಕ್ಕೆ ಹೆಸರಿಡುವುದೆಂದರೆ ಇವರಿಗೆ ಕೊಟ್ಟವರ ಕೆನ್ನೆಗೆ ಹೊಡೆದ ಲೆಕ್ಕ. ನಮ್ಮ ಕಡೆ ರೊಟ್ಟಿ ಸೀದರೆ ಸೀದಿದೆ ಅನ್ನುತ್ತೇವೆ, ಅದಕ್ಕೊಂದು ಜಗಳ ತೆಗೆಯುತ್ತೇವೆ, ಆಮೇಲೆ ಅದೇ ರೊಟ್ಟಿ ತಿಂದು ಏಳುತ್ತೇವೆ. ಹಾಗಾಗಿ ನನಗೆ ಇಲ್ಲಿ ಒರಟ ಅಂತ ಹೆಸರು ಬಿದ್ದಿದೆ. ಬೀಳಲಿ, ನನಗೇನೂ ಬೇಜಾರಿಲ್ಲ.

ಈಗ ಹೇಳುತ್ತಿರುವುದು ಮಂಜಿಯ ವಿಷಯ. ಊರಿಗೆಲ್ಲ ಅವಳು ಮಂಜಕ್ಕ. ಹುಟ್ಟಿದ್ದು ಯಲ್ಲಾಪುರದ ಕಡೆಯ ಹಳ್ಳಿಯಲ್ಲಿ, ಕೊಟ್ಟದ್ದು ಇಲ್ಲಿಯ ಶಾಂತಾರಾಮನಿಗೆ. ಒಂದಿಷ್ಟು ಗದ್ದೆ, ಎರಡು ಆಕಳು, ಮೇಲಿನ ಕೇರಿಯಲ್ಲಿ ಒಂದು ಹಂಚಿನ ಮನೆ. ಶಾಂತಾರಾಮ ಮಾತಿಗೆ ಬಹಳ ಕಡಿಮೆ. ಇವಳು ಗಂಡನ ಪಾಲಿನದನ್ನೂ ಸೇರಿಸಿ ಆಡುತ್ತಿದ್ದಳು. ಕುಳ್ಳಗೆ, ಚುರುಕಾಗಿ, ಒಂದು ಕಡೆ ನಿಲ್ಲುವ ಜಾತಿಯೇ ಅಲ್ಲ. ಅವಳ ಮೂಗಿನ ವಿಷಯ ಹೇಳದಿದ್ದರೆ ಅವಳ ವಿಷಯ ಹೇಳಿದಂತೆಯೇ ಅಲ್ಲ. ರಸ್ತೆಯಲ್ಲಿ ಹೋಗುತ್ತಾ, "ಅನುಶ್ರೀ, ಹಾಲು ಉಕ್ಕೂಕೆ ಬಂತು ನೋಡೆ" ಅಂತ ಕೂಗುತ್ತಿದ್ದಳು; ಅದೇ ಕೇರಿಯ ಅನುಶ್ರೀ ಒಳಗೆ ಓಡಿ ಹೋಗಿ ನೋಡಿದರೆ ಹಾಲು ಪಾತ್ರೆಯ ಅಂಚಿಗೆ ಬಂದಿರುತ್ತಿತ್ತು. ತುಪ್ಪದ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ, ಇದು ಹೋದ ತಿಂಗಳಿನದು ಅನ್ನುತ್ತಿದ್ದಳು. ಅಬ್ಬಬ್ಬಾ, ಆ ಮೂಗಿನ ಕಾಟಕ್ಕೆ ನಾನು ಎಷ್ಟು ಸಲ ಗಿರಣಿ ತೊಳೆದಿದ್ದೇನೋ!

ಅವಳು ಪ್ರತಿ ವರ್ಷ ಚಳಿಗಾಲಕ್ಕೆ ಲೇಹ್ಯ ಮಾಡುತ್ತಿದ್ದಳು. ಅದನ್ನು ಕಲಿಸಿದ್ದು ಅವಳ ಅತ್ತೆ. ಮಗಳು ನೇತ್ರಾ ಇನ್ನೂ ತೊಟ್ಟಿಲ ಕೂಸಾಗಿದ್ದಾಗ ಒಂದು ಚಳಿಗಾಲದಲ್ಲಿ ಉಸಿರು ಕಟ್ಟಿ, ತುಟಿ ನೀಲಿಯಾಗಿ, ಕೈಬಿಟ್ಟು ಹೋಗುವ ಹಾಗಾಗಿತ್ತಂತೆ. ಆಸ್ಪತ್ರೆಗೆ ಹೋಗೋಣವೆಂದರೆ ಆಗ ಇಲ್ಲಿಗೆ ಬಸ್ಸೂ ಇರಲಿಲ್ಲ. ಅತ್ತೆ ಲೇಹ್ಯವನ್ನು ಜೇನಿನಲ್ಲಿ ತೇಯ್ದು ಮಗುವಿನ ನಾಲಿಗೆಗೆ ಹಚ್ಚುತ್ತಾ ಕೂತಳಂತೆ. ಮಗು ಉಳಿಯಿತು. ಲೇಹ್ಯದಿಂದ ಉಳಿಯಿತೋ, ಅದರ ಹಣೆಯಲ್ಲಿ ಬರೆದಿತ್ತೋ, ನನಗೆ ಗೊತ್ತಿಲ್ಲ. ಮಂಜಕ್ಕನಿಗೆ ಮಾತ್ರ ಎಳ್ಳಷ್ಟೂ ಅನುಮಾನವಿರಲಿಲ್ಲ. ದೀಪಾವಳಿಯಿಂದ ಶಿವರಾತ್ರಿಯವರೆಗೆ ನೇತ್ರಾ ಬೆಳಿಗ್ಗೆ ಸಂಜೆ ಲೇಹ್ಯ ತಿನ್ನಬೇಕು. ಆ ಅವಧಿಯಲ್ಲಿ ಬೇರೆ ಮದ್ದು ಮುಟ್ಟಬಾರದು. "ಎರಡು ಮದ್ದು ಬೆರೆಸಿದ್ರೆ ಎರಡೂ ಕೈ ಕೊಡ್ತದೆ" ಅನ್ನುವುದು ಅತ್ತೆ ಹಾಕಿಕೊಟ್ಟ ಪಥ್ಯ. ಮಗಳನ್ನು ಯಲ್ಲಾಪುರದ ಪ್ರಮೋದನಿಗೆ ಕೊಟ್ಟ ಮೇಲೂ ಬಸ್ಸಿನ ಕಂಡಕ್ಟರ ಕೈಯಲ್ಲಿ ಲೇಹ್ಯದ ಬಾಟಲಿ ಹೋಗುವುದು ನಿಲ್ಲಲಿಲ್ಲ.

ಲೇಹ್ಯ ಮಾಡುವುದು ಅವಳೊಬ್ಬಳ ಕೆಲಸವಾಗಿದ್ದರೂ ಸಾಮಾನು ಇಡೀ ಕೇರಿಯದು. ಒಬ್ಬರ ಮನೆಯಿಂದ ಬೆಟ್ಟದ ನೆಲ್ಲಿಕಾಯಿ, ಇನ್ನೊಬ್ಬರಿಂದ ಜೋನಿ ಬೆಲ್ಲ, ಮತ್ತೊಬ್ಬರಿಂದ ತುಪ್ಪ. ಅಮೃತಬಳ್ಳಿ, ಆಡುಸೋಗೆ, ಹಿಪ್ಪಲಿಯ ಬೇರು ಇವನ್ನೆಲ್ಲ ಶಾಂತಾರಾಮ ಬೆಟ್ಟಕ್ಕೆ ಹೋಗಿ ತರುತ್ತಿದ್ದ. ಜೊತೆಗೆ ಪ್ರತಿ ಮನೆಯಿಂದ ಒಂದೊಂದು ಖಾಲಿ ಬಾಟಲಿ ಬರಬೇಕು. ಬೇರು ಕುದಿಸಿದ ಕಷಾಯದಲ್ಲಿ ನೆಲ್ಲಿಕಾಯಿ ಬೇಯಿಸಿ, ಬೀಜ ತೆಗೆದು, ಅರೆದು, ಬೆಲ್ಲ ಹಾಕಿ ಹಿತ್ತಾಳೆ ಬಾಣಲೆಯಲ್ಲಿ ಮಗುಚಲು ಶುರುಮಾಡಿದರೆ ಮಂಜಕ್ಕ ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಗಡಿಯಾರ ನೋಡುವುದಿಲ್ಲ, ಬೆರಳಲ್ಲಿ ಎಳೆ ಹಿಡಿದು ನೋಡುವುದಿಲ್ಲ. ಮೂಗು ಒಂದೇ. ನೆಲ್ಲಿಯ ಹಸಿ ವಾಸನೆ ಹೋಗಿ, ಬೆಲ್ಲದ ವಾಸನೆ ಹೋಗಿ, ಆಮೇಲೆ ಮೂರನೆಯದೊಂದು ವಾಸನೆ ಬರುತ್ತದಂತೆ. ಅದು ಬಂದ ತಕ್ಷಣ ಬಾಣಲೆ ಇಳಿಸಬೇಕು. ಅದು ಎಂಥ ವಾಸನೆ ಅಂತ ನನ್ನ ಹೆಂಡತಿ ಮಹೇಶ್ವರಿ ಕೇಳಿದ್ದಳು. "ಅದ್ನ ಹ್ಯಾಂಗೆ ಹೇಳೂದೆ ಮಾರಾಯ್ತಿ? ಬಂದಾಗ ಗೊತ್ತಾಗ್ತದೆ" ಅಂದಿದ್ದಳಂತೆ.

ಕಡೆಯಲ್ಲಿ ಹಾಕುವ ಶುಂಠಿ, ಹಿಪ್ಪಲಿ, ಕಾಳುಮೆಣಸು, ಏಲಕ್ಕಿಯ ಪುಡಿ ಮಾತ್ರ ನನ್ನ ಗಿರಣಿಯಲ್ಲಿ ಆಗಬೇಕು. ಆ ದಿನ ಅವಳು ಬೆಳಿಗ್ಗೆ ಬಾಗಿಲು ತೆಗೆಯುವುದಕ್ಕೇ ಕಾದು ನಿಂತಿರುತ್ತಿದ್ದಳು. ಮೊದಲು ಗಿರಣಿಯ ಬಾಯಿಗೆ ಮೂಗು ಹಾಕುವುದು.

"ಮಡಿವಾಳಣ್ಣ, ನಿನ್ನೆ ಮೆಂತೆ ಬೀಸಿದ್ರಿ."

"ಬೀಸಿ, ಅಕ್ಕಿ ಹಾಕಿ ಕಲ್ಲು ತೊಳದೇನ್ರಿ ಮಂಜಕ್ಕಾರ."

"ತೊಳೆದದ್ದು ಸಾಲ್ಲಿಲ್ಲ. ಇನ್ನೊಂದ್ ಸಲ ಅಕ್ಕಿ ಬೀಸಿ."

"ನಿಮ್ಮ ಮೂಗಿಗೆ ಬೆಂಕಿ ಹಾಕ" ಅಂತ ನಾನು ಬಯ್ಯುವುದು, ಅವಳು ನಗುವುದು, ನಾನು ಇನ್ನೊಂದು ಸಲ ಅಕ್ಕಿ ಬೀಸುವುದು. ಪ್ರತಿ ವರ್ಷ ಇದೇ ಆಟ. ನನಗೆ ಸಕ್ಕರೆ ಕಾಯಿಲೆ ಇರುವುದರಿಂದ ಬೆಲ್ಲದ ಲೇಹ್ಯ ತಿನ್ನುವ ಯೋಗವಿಲ್ಲ. ಆದರೂ ನಮ್ಮ ಮನೆಗೂ ಒಂದು ಬಾಟಲಿ ಬರುತ್ತಿತ್ತು. ಮಹೇಶ್ವರಿ ಸಂಕ್ರಾಂತಿಯೊಳಗೆ ಅದನ್ನು ನೆಕ್ಕಿ ಮುಗಿಸಿ, ಇನ್ನೊಂದಿಷ್ಟು ಕೇಳಲು ಹೋಗುತ್ತಿದ್ದಳು. ಇಡೀ ಕೇರಿಯೇ ಹಾಗೆ ಹೋಗುತ್ತಿತ್ತು.

ಆಮೇಲೆ ಕರೋನಾ ಬಂತು. ಎರಡನೆಯ ವರ್ಷದ ಅಲೆಯಲ್ಲಿ ಶಾಂತಾರಾಮ, ಮಂಜಕ್ಕ ಇಬ್ಬರೂ ಜ್ವರದಲ್ಲಿ ಮಲಗಿದರು. ಅತ್ತ ಯಲ್ಲಾಪುರದಲ್ಲಿ ನೇತ್ರಾಳೂ ಮಲಗಿದಳು. ಶಾಂತಾರಾಮನನ್ನು ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರು. ಅವನು ಹೋದದ್ದಷ್ಟೇ ನಾವು ನೋಡಿದ್ದು. ಮುಖ ಕೂಡ ತೋರಿಸಲಿಲ್ಲ. ಬದುಕಿದ್ದಾಗ ಯಾರಿಗೂ ಒಂದು ಜೋರು ಮಾತು ಆಡದ ಮನುಷ್ಯ, ಪ್ಲಾಸ್ಟಿಕ್ ಸುತ್ತಿಸಿಕೊಂಡು ಹೋಗಿಬಿಟ್ಟ. ನೇತ್ರಾ ಹೇಗೋ ಎದ್ದಳು. ಮಂಜಕ್ಕನೂ ಎದ್ದಳು.

ಆ ವರ್ಷದ ದೀಪಾವಳಿ ಮುಗಿದ ಮೇಲೆ ಒಂದು ದಿನ ಅವಳು ಪುಡಿಯ ಸಾಮಾನಿನ ಚೀಲ ಹಿಡಿದು ಗಿರಣಿಗೆ ಬಂದಳು. ಬೆಳಿಗ್ಗೆ ಬರುವವಳು ಮಧ್ಯಾಹ್ನ ಬಂದಿದ್ದಳು. ಸಾಲಿನಲ್ಲಿ ಅನುಶ್ರೀ ಮತ್ತೆ ನಾಲ್ಕೈದು ಹೆಂಗಸರು ನಿಂತಿದ್ದರು. ನಾನು ಅಷ್ಟರಲ್ಲೇ ಮದುವೆ ಮನೆಯೊಂದರ ಸಾಂಬಾರು ಪುಡಿ ಬೀಸಿ ಮುಗಿಸಿದ್ದೆ. ಅದಕ್ಕೆ ಅವರು ಇಂಗನ್ನು ಯಾವ ಪರಿ ಸುರಿದಿದ್ದರೆಂದರೆ, ರಸ್ತೆಯಲ್ಲಿ ಹೋಗುವವರೂ ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು.

ಮಂಜಕ್ಕ ಸೀದಾ ಬಂದು ಚೀಲ ನನ್ನ ಮುಂದಿಟ್ಟಳು. "ಇದೊಂದು ಬೀಸಿ ಕೊಡಿ, ಮಡಿವಾಳಣ್ಣ."

"ನಾಳೆ ಬರ್ರಿ ಅಕ್ಕಾರ. ಇವತ್ತ ಆಗಂಗಿಲ್ಲ."

"ಎಂತಕ್ಕೆ? ಈಗ ಎಂತ ಬೀಸಿದ್ರಿ?"

ಆ ಪ್ರಶ್ನೆ ಕೇಳಿ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇಂಗ್ರಿ" ಅಂದೆ. ಮಂಜಕ್ಕ ಸುತ್ತ ಒಮ್ಮೆ ನೋಡಿದಳು. ಅವಳಿಗೂ ತನ್ನ ತಪ್ಪು ಗೊತ್ತಾಯಿತು. "ಹೌದು ಹೌದು, ಬಂತು ವಾಸನೆ. ಇವತ್ತು ಸ್ವಲ್ಪ ನೆಗಡಿ ನಂಗೆ" ಅಂದು ಚೀಲ ತಿರುಗಿ ಎತ್ತಿಕೊಂಡಳು. ಅವಳಿಗೆ ನೆಗಡಿ ಇರಲಿಲ್ಲ. ಜ್ವರ ಅವಳ ಗಂಡನ ಜೊತೆಗೆ ಮೂಗನ್ನೂ ನಾಲಿಗೆಯ ರುಚಿಯನ್ನೂ ತೆಗೆದುಕೊಂಡು ಹೋಗಿತ್ತು. ಅದು ಆ ದಿನ ಇಡೀ ಕೇರಿಗೆ ತಿಳಿಯಿತು.

ಲೇಹ್ಯ ಮಾತ್ರ ಆಯಿತು. ಎಲ್ಲರೂ ಯಾವತ್ತಿನಂತೆ ನೆಲ್ಲಿಕಾಯಿ, ಬೆಲ್ಲ, ತುಪ್ಪ ಕೊಟ್ಟರು. ಬಾಟಲಿಯನ್ನೂ ಕಳಿಸಿದರು. ಕಳಿಸದಿದ್ದರೆ ಗಂಡ ಸತ್ತವಳಿಗೆ ಏನನಿಸೀತು ಅಂತ. ಬೇರು ತರುವವನಿಲ್ಲದ್ದರಿಂದ ಅವಳೇ ಬೆಟ್ಟ ಹತ್ತಿಳಿದಳು. ಮೂರನೆಯ ವಾಸನೆಗೆ ಕಾಯುತ್ತಾ ಎಷ್ಟು ಹೊತ್ತು ಬಾಣಲೆಯ ಮುಂದೆ ನಿಂತಳೋ, ತಳ ಹಿಡಿದು ಸೀದು ಕರಿಯಾಗುವವರೆಗೆ ನಿಂತಳು. ತುಪ್ಪ ಯಾರೋ ಹಳೆಯದು ಕೊಟ್ಟಿದ್ದರು, ಅದರ ಕಮಟೂ ಅವಳಿಗೆ ತಿಳಿಯಲಿಲ್ಲ. ಮಹೇಶ್ವರಿ ಮನೆಯಲ್ಲಿ ಒಂದು ಚಮಚ ಬಾಯಿಗಿಟ್ಟವಳು ಹಿತ್ತಲಿಗೆ ಓಡಿದಳು.

ಗಿರಣಿಯೆಂದರೆ ಎಲ್ಲರ ಮಾತೂ ಬಂದು ಬೀಳುವ ಜಾಗ. ಅನುಶ್ರೀ ತಮ್ಮ ಮನೆಯ ಪಾಲನ್ನು ಗೊಬ್ಬರಗುಂಡಿಗೆ ಸುರಿದಳಂತೆ. ಇನ್ನೊಬ್ಬಳು ಆಕಳಿಗೆ ಹಿಂಡಿಯಲ್ಲಿ ಕಲಸಿ ಕೊಟ್ಟಳಂತೆ, ಆಕಳು ಮೂಸಿ ಮುಖ ತಿರುಗಿಸಿತಂತೆ. ಇಷ್ಟೆಲ್ಲ ಮಾತಾಡುತ್ತಿರುವಾಗ ಮಂಜಕ್ಕ ಅಕ್ಕಿ ಬೀಸಿಸಲು ಬಂದಳು.

"ಹ್ಯಾಂಗಾಗದೆ ಲೇಹ್ಯ?" ಅಂತ ಅವಳು ಕೇಳಿದ್ದೇ ತಡ, "ಚೊಲೋ ಆಗದೆ ಮಂಜಕ್ಕ", "ಅಡ್ಡಿಲ್ಲ, ಈ ವರ್ಷ ಸ್ವಲ್ಪ ಖಾರ ಜಾಸ್ತಿ, ಥಂಡಿಗೆ ಒಳ್ಳೇದು" ಅಂತ ಎಲ್ಲರೂ ಶುರುಮಾಡಿದರು. ನನಗೆ ಮೈಯೆಲ್ಲ ಉರಿಯಿತು. ಮನೆಗೆ ಹೋಗಿ ಮಹೇಶ್ವರಿಯ ಮೇಲೆ ರೇಗಿದೆ.

"ಎಂಥಾ ಮಂದಿ ಇವರು? ಅಕ್ಕಾರ, ಇದು ಸೀದೈತಿ ಅಂತ ಒಬ್ಬರರೇ ಹೇಳಬಾರದ?"

"ನಿಮಗ ಯಾಕ ಬೇಕ್ರಿ ಅದು? ಗಂಡನ್ನ ಕಳಕೊಂಡು ಕುಂತಾಳ. ಉಳದಿದ್ದ ಅದೊಂದು. ಅದನ್ನೂ ಕಸ್ಕೊಬೇಕೇನು? ಆಕಿ ನಿಮ್ಮನ್ನ ಕೇಳಿಲ್ಲಲ್ಲ, ಸುಮ್ಮನ ಕುಂದರ್ರಿ."

ಅದೂ ಖರೆ. ನಾನು ತಿಂದವನಲ್ಲ, ನನ್ನನ್ನು ಯಾರೂ ಕೇಳಿಯೂ ಇರಲಿಲ್ಲ. ಸುಮ್ಮನೆ ಕೂತೆ.

ಅದರ ಮರು ವರ್ಷವೂ ಲೇಹ್ಯ ಆಯಿತು. ಆ ಸಲ ಇನ್ನೂ ಕೆಟ್ಟಿತ್ತಂತೆ. ನೆಲ್ಲಿಕಾಯಿಗೆ ಬೂಸಲು ಹಿಡಿದಿತ್ತೋ ಏನೋ, ಬಾಟಲಿಯ ಬಾಯಿ ತೆಗೆದರೆ ತಲೆ ತಿರುಗುತ್ತಿತ್ತು ಅಂತ ಅನುಶ್ರೀ ಹೇಳಿದಳು. ಆಗಲೂ ಮಂಜಕ್ಕನ ಎದುರಿಗೆ ಅದೇ ಹಾಡು. ಆದರೆ ಮಂಜಕ್ಕ ದಡ್ಡಿಯಲ್ಲ. ಸಂಕ್ರಾಂತಿ ಬಂತು, ಹೋಯಿತು. ಇನ್ನೊಂದಿಷ್ಟು ಕೊಡಿ ಅಂತ ಒಬ್ಬರೂ ಅವಳ ಬಾಗಿಲಿಗೆ ಬರಲಿಲ್ಲ. ಕೇಳಿದವಳು ನೇತ್ರಾ ಒಬ್ಬಳೇ. "ಅಮ್ಮ, ಮುಗೀತು, ಇನ್ನೊಂದು ಬಾಟ್ಲಿ ಕಳ್ಸು" ಅಂತ ಫೋನು ಮಾಡುತ್ತಿದ್ದಳು. ಮಂಜಕ್ಕ ಖುಷಿಯಿಂದ ಕಳಿಸುತ್ತಲೂ ಇದ್ದಳು.

ಒಂದು ಮಧ್ಯಾಹ್ನ, ಕರೆಂಟು ಹೋಗಿ ಗಿರಣಿ ನಿಂತಿದ್ದಾಗ, ಅವಳು ಒಬ್ಬಳೇ ಬಂದಳು. ಸೆರಗಿನ ಕೆಳಗಿನಿಂದ ಒಂದು ಬಾಟಲಿ, ಒಂದು ಚಮಚ ತೆಗೆದು ಹಿಟ್ಟಿನ ಡಬ್ಬದ ಮೇಲೆ ಇಟ್ಟಳು.

"ಮಡಿವಾಳಣ್ಣ, ನಿಮ್ಗೆ ಸಕ್ರೆ ಕಾಯಿಲೆ ಅಂತ ಗೊತ್ತದೆ. ಒಂದ್ ಚಮಚ ತಿಂದ್ರೆ ಎಂತಾ ಆಗೂದಿಲ್ಲ. ತಿಂದು ಹೇಳಿ."

"ನನಗೇನ್ ಗೊತ್ತಾಗತೈತ್ರಿ ಲೇಹ್ಯದ ರುಚಿ?"

"ನಿಮ್ಗೆ ಗೊತ್ತಾಗೂದು ಬೇಡ. ನಿಮ್ಗೆ ಸುಳ್ಳು ಹೇಳೂಕೆ ಬರೂದಿಲ್ಲಲ, ಅದಕ್ಕೆ ಬಂದೆ. ಈ ಕೇರಿಲಿ ನಾನು ಇನ್ಯಾರ್ನ ಕೇಳ್ಲಿ?"

ನಾನು ಚಮಚದ ತುದಿಯಲ್ಲಿ ಸ್ವಲ್ಪ ತೆಗೆದು ನಾಲಿಗೆಗೆ ಇಟ್ಟೆ. ದೇವರೇ! ಸೀದ ಬೆಲ್ಲದ ಕಹಿ, ಕಮಟು ತುಪ್ಪ, ಅದರ ಹಿಂದೆ ಏನೋ ಕೊಳೆತದ್ದರ ವಾಸನೆ. ಉಗುಳಲಾರದೆ ನುಂಗಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಳುವುದೋ ಬೇಡವೋ ಅಂತ ಯೋಚನೆ ಬಂತು, ಇಲ್ಲವೆನ್ನುವುದಿಲ್ಲ. ಆದರೆ ಅವಳು ಇಷ್ಟು ದೂರ ಅದನ್ನೇ ಕೇಳಲು ಬಂದಿದ್ದಾಳೆ.

"ಮಂಜಕ್ಕಾರ, ಇದು ಪೂರಾ ಸೀದೈತಿ. ತುಪ್ಪ ಕೆಟ್ಟೈತಿ. ತಿನ್ನೂ ವಸ್ತು ಅಲ್ಲ ಇದು."

"ಹೋದ ವರ್ಷದ್ದು?"

"ಅದನ್ನ ನಾ ತಿಂದಿಲ್ರಿ. ಅದೂ ಹಿಂಗ ಇತ್ತಂತ."

"ಕೇರಿಯವ್ರೆಲ್ಲ ಎಂತಾ ಮಾಡಿದ್ರು?"

"ಚೆಲ್ಲಿದ್ರು."

ಅವಳು ಅಳಲಿಲ್ಲ. ಅಕ್ಕಿಯ ಮೂಟೆಯ ಮೇಲೆ ಕೂತಳು. ತನಗಾದ ಅವಮಾನವನ್ನು ಅರಗಿಸಿಕೊಳ್ಳುತ್ತಿದ್ದಾಳೆ ಅಂತ ನಾನು ತಿಳಿದೆ. ಅವಳ ತಲೆಯಲ್ಲಿ ಓಡುತ್ತಿದ್ದದ್ದು ಅದಲ್ಲವೇ ಅಲ್ಲ.

"ಹಂಗಾರೆ ನೇತ್ರಾ ತಿಂದದ್ದು ಎಂತ?" ಅಂದಳು. "ದಿನಾ ಹೇಳ್ತದಲ, ಇದ್ರಿಂದ ಉಸಿರು ಹಗುರ ಆಗದೆ ಅಂತ? ಎಲ್ಲರೂ ಚೊಲೋ ಅದೆ ಅಂತ ಸುಳ್ಳೇ ಹೇಳಿದ್ದಾದ್ರೆ, ನೇತ್ರಾ ಹೇಳಿದ್ದು?"

ಅಲ್ಲಿಯೇ ಫೋನು ತೆಗೆದು ಮಗಳಿಗೆ ಹಚ್ಚಿದಳು. ನನಗೂ ಕೇಳಲಿ ಅಂತ ಸ್ಪೀಕರ್ ಹಾಕಿದಳು.

"ಹ್ಯಾಂಗಿದ್ಯೆ?"

"ಚೊಲೋ ಇದ್ದೆ ಅಮ್ಮ... ಊಟ ಆಯ್ತು... ನಿಂದು?"

"ಉಸಿರು?"

"ಎಂತಾ ತೊಂದ್ರೆ ಇಲ್ಲ... ಲೇಹ್ಯ ತಿಂದ್ಮೇಲೆ... ಹಗುರ ಅದೆ."

ದಿನಾ ಸಂಜೆ ಇವಳು ಮಾತಾಡುತ್ತಿದ್ದುದು ಅಡುಗೆ ಮನೆಯಲ್ಲಿ, ಹಾಲು ಕಾಯಿಸುತ್ತಾ, ನೀರು ತುಂಬುತ್ತಾ, ಮಾತೆಲ್ಲ ತನ್ನದೇ. ಈಗ ಗಿರಣಿ ನಿಂತಿತ್ತು, ಇವಳೂ ಸುಮ್ಮನಿದ್ದಳು. ಎರಡು ಮಾತಿನ ನಡುವೆ ಆ ಹುಡುಗಿ ಗಾಳಿಯನ್ನು ಎಳೆದುಕೊಳ್ಳುವ ಸದ್ದು ನನಗೂ ಕೇಳಿತು. ಕಮ್ಮಾರನ ಹರಿದ ತಿದಿ ಒತ್ತಿದಂತಿತ್ತು. ಮಂಜಕ್ಕ ಫೋನಿಟ್ಟು, "ಸಿರಸಿಗೆ ಬಸ್ಸು ಎಷ್ಟೊತ್ತಿಗೆ?" ಅಂದಳು.

ಅವಳನ್ನು ಒಬ್ಬಳೇ ಕಳಿಸಲು ಧೈರ್ಯ ಬರದೆ ಮಹೇಶ್ವರಿಯನ್ನು ಜೊತೆಗೆ ಕಳಿಸಿದೆ. ಸಿರಸಿಯಲ್ಲಿ ಬಸ್ಸು ಬದಲಿಸಿ ಯಲ್ಲಾಪುರ ತಲುಪಿದರು. ಅಲ್ಲಿ ಕಂಡದ್ದನ್ನು ಮಹೇಶ್ವರಿಯೇ ನನಗೆ ಹೇಳಿದ್ದು. ಪ್ರಮೋದನಿಗೆ ಪಂಕ್ಚರ್ ಅಂಗಡಿ. ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಮನೆ. ನೇತ್ರಾ ದಿಂಬಿಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಸಿಗುವುದಿಲ್ಲವಂತೆ. ಕೊರಳಿನ ಎಲುಬು ಎದ್ದು ಕಾಣುತ್ತಿತ್ತಂತೆ. ತಾಯಿಯನ್ನು ಕಂಡವಳೇ ಎದ್ದು ಚಹ ಮಾಡುತ್ತೇನೆಂದು ಹೊರಟು, ಒಲೆಯವರೆಗೂ ಹೋಗಲಾರದೆ ಗೋಡೆ ಹಿಡಿದು ನಿಂತಳಂತೆ.

ಪ್ರಮೋದ ಕೆಟ್ಟವನಲ್ಲ. ಅತ್ತೆಯನ್ನು ನೋಡಿ ಅವನೇ ಮೊದಲು ಅತ್ತ. "ಇಲ್ಲಿ ಡಾಕ್ಟ್ರು ಹೋದ ವರ್ಷವೇ ಹೇಳಿದ್ರು, ಹುಬ್ಬಳ್ಳಿಗೆ ಹೋಗಿ ಸ್ಕ್ಯಾನಿಂಗ್ ಮಾಡ್ಸಿ ಅಂತ. ಮಾತ್ರೆನೂ ಬರೆದು ಕೊಟ್ಟಿದ್ರು. ಅಮ್ಮನ ಲೇಹ್ಯ ನಡೀತಾ ಅದೆ, ಬೆರೆಸೂಕಾಗೂದಿಲ್ಲ, ಶಿವರಾತ್ರಿ ಆಗ್ಲಿ ಅಂತು ನೇತ್ರಾ. ಶಿವರಾತ್ರಿ ಆದ್ಮೇಲೆ ಸೆಖೆಗೆ ಸ್ವಲ್ಪ ಕಡಿಮೆ ಆಯ್ತು, ಬೇಡ ಅಂತು. ಮತ್ತೆ ದೀಪಾವಳಿ ಬಂತು" ಅಂದ.

ಮಂಜಕ್ಕ ಮಗಳ ಹತ್ತಿರ ಕೂತು ಕೇಳಿದಳಂತೆ. "ನಿಂಗೆ ಗೊತ್ತಾಗ್ಲಿಲ್ವೇನೆ, ಲೇಹ್ಯ ಸೀದು ಹೋಗದೆ ಅಂತ?"

"ಮೊದಲ್ನೇ ಚಮಚಕ್ಕೇ ಗೊತ್ತಾಯ್ತು ಅಮ್ಮ."

"ಮತ್ತೆ ಎಂತಕ್ಕೆ ತಿಂದೆ? ಎಂತಕ್ಕೆ ಮತ್ತೆ ಮತ್ತೆ ತರಿಸ್ಕಂಡೆ?"

"ಅಪ್ಪ ಹೋದ್ರು. ನಿಂಗೆ ಮೂಗೂ ಹೋಗದೆ ಅಂತ ಆವಾಗ್ಲೇ ತಿಳೀತು. ಲೇಹ್ಯನೂ ಆಗೂದಿಲ್ಲ ಅಂದ್ರೆ ನೀ ಹ್ಯಾಂಗೆ ಬದುಕ್ತೆ ಅನಿಸ್ತು. ನಾನೊಬ್ಬಳಾದ್ರೂ ತಿಂದ್ರೆ ನಿಂಗೆ ಸಮಾಧಾನ ಅಂತ ತಿಂದೆ."

"ನನ್ನ ಸಮಾಧಾನಕ್ಕೆ ನಿನ್ನ ಉಸಿರು ಕೊಟ್ಯಲ್ಲೇ, ಪಾಪಿ!" ಅಂತ ಮಂಜಕ್ಕ ಎದೆ ಎದೆ ಬಡಿದುಕೊಂಡಳಂತೆ. ಅದನ್ನು ಹೇಳುವಾಗ ಮಹೇಶ್ವರಿ ಬಡಿಸುತ್ತಿದ್ದ ಸೌಟು ಕೆಳಗಿಟ್ಟಳು. ನಾನೂ ತಟ್ಟೆ ಸರಿಸಿ ಎದ್ದೆ.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ತೋರಿಸಿದರು. ಇದು ಚಿಕ್ಕಂದಿನ ದಮ್ಮಲ್ಲ, ಆ ವರ್ಷದ ಜ್ವರ ಶ್ವಾಸಕೋಶದಲ್ಲಿ ಕಲೆ ಬಿಟ್ಟುಹೋಗಿದೆ, ಆ ಕಲೆ ಬೆಳೆಯುತ್ತಾ ಬಂದು ಈಗ ಪೂರಾ ಗಟ್ಟಿಯಾಗಿದೆ ಅಂದರು ಅಲ್ಲಿಯ ಡಾಕ್ಟರು. ಆಗಲೇ ಬಂದಿದ್ದರೆ ತಡೆಯಲು ನೋಡಬಹುದಿತ್ತು. ಈಗ ಮಾಡುವಂಥದ್ದು ಹೆಚ್ಚೇನಿಲ್ಲ. ಇಷ್ಟು ಹೇಳಿ ಮಾತ್ರೆ ಕೊಟ್ಟರು, ಮನೆಯಲ್ಲಿ ಆಮ್ಲಜನಕದ ಯಂತ್ರ ಇಟ್ಟುಕೊಳ್ಳಿ ಅಂದರು. ಮಂಜಕ್ಕ ಮಗಳನ್ನು ತನ್ನ ಮನೆಗೇ ಕರೆತಂದಳು. ಪ್ರಮೋದ ವಾರಕ್ಕೊಮ್ಮೆ ಬಂದು ಹೋಗುತ್ತಾನೆ. ನಮ್ಮ ಕರೆಂಟಿನ ಹಣೆಬರಹ ಗೊತ್ತಲ್ಲ. ಅದು ಹೋದಾಗಲೆಲ್ಲ ಸಿಲಿಂಡರಿಗೆ ಬದಲಿಸಬೇಕು. ಅದಕ್ಕಾಗಿ ಮಂಜಕ್ಕ ಮಗಳ ಕೋಣೆಯ ಬಾಗಿಲು ಬಿಟ್ಟು ಕದಲುವುದಿಲ್ಲ. ಆಕಳು ಮಾರಿದಳು. ಗದ್ದೆಯನ್ನು ಬೇರೆಯವರಿಗೆ ಕೊಟ್ಟಳು. ಬಾಣಲೆ ಎಲ್ಲಿದೆಯೋ ನಾನು ಕೇಳಲಿಲ್ಲ.

ನಾನು ಅವತ್ತು ಹೇಳಬಾರದಿತ್ತು ಅನ್ನುವವರೂ ಈ ಕೇರಿಯಲ್ಲಿ ಇದ್ದಾರೆ. ಗಿರಣಿಗೆ ಬರುವುದನ್ನು ಬಿಟ್ಟು ಪೇಟೆಗೆ ಹೋಗಿ ಬೀಸಿಸಿಕೊಂಡು ಬರುವ ಮನೆಗಳೂ ಇವೆ. ಅಲ್ಲ ಸ್ವಾಮಿ, ಎರಡು ವರ್ಷ ಸುಳ್ಳು ಹೇಳಿದವರು ನೀವು, ಒಂದು ದಿನ ಖರೆ ಹೇಳಿದವನು ನಾನು, ತಪ್ಪು ಯಾರದು? ಕೇಳಿದರೆ ಅದಕ್ಕೂ ಯಾರೂ ಮುಖಕ್ಕೆ ಉತ್ತರ ಕೊಡುವುದಿಲ್ಲ. ಎಲೆ ಅಡಿಕೆ ಹಾಕಿಕೊಂಡು ಬೇರೆ ಮಾತು ತೆಗೆಯುತ್ತಾರೆ.

ಈ ಸಲದ ಚಳಿ ಬೇಗ ಬಂದಿದೆ. ಮೊನ್ನೆ ಸೋಮವಾರ ಮಂಜಕ್ಕ ಗಿರಣಿಗೆ ಬಂದಳು. ನೇತ್ರಾಳ ಗಂಜಿಗೆ ರಾಗಿ ಬೀಸಿಸಲು. ಮಗಳ ಹತ್ತಿರ ಮಹೇಶ್ವರಿಯನ್ನು ಕೂರಿಸಿ ಬಂದಿದ್ದಳು. ಅವಳನ್ನು ನಾನು ಹತ್ತಿರದಿಂದ ನೋಡದೆ ಬಹಳ ದಿನವಾಗಿತ್ತು. ಅರ್ಧ ಆಗಿದ್ದಳು. ತಲೆ ಬಾಚಿರಲಿಲ್ಲ. ಸಾಲಿನಲ್ಲಿದ್ದವರು ದಾರಿ ಬಿಟ್ಟರು. ನಾನು ಅವಳ ರಾಗಿಯನ್ನೇ ಮೊದಲು ಹಾಕಿದೆ. ಬೀಸಿ ಮುಗಿದು ಮೋಟಾರು ನಿಲ್ಲಿಸಿದ ಮೇಲೆ ಅನುಶ್ರೀ ಮೆಲ್ಲಗೆ ಕೇಳಿದಳು.

"ನೇತ್ರಾ ಹ್ಯಾಂಗದೆ ಮಂಜಕ್ಕ? ಈಗ ಸ್ವಲ್ಪ ಅಡ್ಡಿಲ್ವ?"

"ಇಲ್ಲ ಅನುಶ್ರೀ. ಅದು ಉಳಿಯೂದಿಲ್ಲ. ಈ ಚಳಿ ದಾಟೂದು ಕಷ್ಟ ಅಂದ್ರು ಡಾಕ್ಟ್ರು."

"ಥೋ, ಹಾಂಗೆಲ್ಲ ಬಾಯಲ್ಲಿ ಹೇಳ್ಬೇಡ. ದೇವ್ರು ಇದ್ದಾನೆ. ಎಲ್ಲ ಚ..."

"ಚೊಲೋ ಆಗ್ತದೆ ಅನ್ಬೇಡ!" ಮಂಜಕ್ಕ ಕೂಗಿದಳು. ಅವಳು ಹಾಗೆ ಕೂಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. "ಎಲ್ಲರೂ ಬರ್ತೀರಿ, ಬಾಗಿಲಲ್ಲಿ ನಿಂತ್ಕಂಡು ಬಣ್ಣ ಬಂದದೆ, ಮುಖ ತುಂಬದೆ, ಹುಷಾರಾಗ್ತದೆ ಅಂತೀರಿ. ಅದು ನಿಮ್ಮ ಮುಂದೆ ನಗ್ತದೆ. ನೀವು ಹೋದ್ಮೇಲೆ, 'ಅಮ್ಮ, ನಾನು ಸಾಯ್ತೆ ಅಲ್ವಾ, ಒಬ್ಬರೂ ಎಂತಕ್ಕೆ ಹೇಳೂದಿಲ್ಲ' ಅಂತ ನನ್ನ ಕೇಳ್ತದೆ. ನನ್ನ ಬಾಯಲ್ಲಿ ಅದು ಬರೂದಿಲ್ಲ. ಹೆತ್ತವಳು ನಾನು, ಹ್ಯಾಂಗೆ ಹೇಳ್ಲಿ? ಯಾರಾದ್ರೂ ಒಬ್ರು ಬಂದು ಅದ್ರ ಹತ್ರ ನಿಜ ಮಾತಾಡಿ. ಎಂತ ಆಸೆ ಅದೆ ಕೇಳಿ. ಹೆದ್ರಿಕೆ ಆಗ್ತದ ಕೇಳಿ. ಒಬ್ರಾದ್ರೂ!"

ಅನುಶ್ರೀ ತನ್ನ ಚೀಲದ ಬಾಯಿಯ ದಾರ ಬಿಚ್ಚುವುದು, ಕಟ್ಟುವುದು ಮಾಡುತ್ತಿದ್ದಳು. ಮಂಜಕ್ಕ ನನ್ನ ಕಡೆ ತಿರುಗಿದಳು.

"ಮಡಿವಾಳಣ್ಣ, ನೀವು ಬನ್ನಿ. ಅವತ್ತು ನಂಗೆ ಹೇಳಿದ್ರಲ. ನೇತ್ರಾಗೂ ನೀವೇ ಹೇಳಿ."

ಬರುತ್ತೇನೆ ಅನ್ನಬೇಕಿತ್ತು. ಅಷ್ಟೇ ಮಾತು. ಆ ಮಗುವನ್ನು ನಾನು ಎತ್ತಿ ಆಡಿಸಿದ್ದೇನೆ. ಗಿರಣಿಯ ತಕ್ಕಡಿಯಲ್ಲಿ ಕೂರಿಸಿ ತೂಗಿದ್ದೇನೆ. ಮೂಗಿಗೆ ನಳಿಗೆ ಹಾಕಿಕೊಂಡು ಕೂತ ಅದರ ಎದುರು ನಿಂತು, ಹೌದವ್ವ, ನೀನು ಸಾಯುತ್ತೀ ಅನ್ನುವುದನ್ನು ನೆನೆಸಿಕೊಂಡೆ.

"ಹಂಗೇನಿಲ್ಲ ಬಿಡ್ರಿ ಅಕ್ಕಾರ" ಅಂದೆ. "ಆರಾಮ ಆಕ್ಕಾಳ. ನೀವು ಧೈರ್ಯ ತಗೋರಿ."

ಮಂಜಕ್ಕ ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳಬಹುದಿತ್ತು. ಹಿಟ್ಟಿನ ಚೀಲ ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.

"ನೀವೂ ಈ ಊರವ್ರೇ ಆದ್ರಿ, ಮಡಿವಾಳಣ್ಣ" ಅಂದು ಹೊರಟುಹೋದಳು.